ಹೆಸರು ಕರೆದಾಗ ಬಂದವಳು

ಆ ಸಭಾಂಗಣದ ಟಿಕೆಟ್ ಕೌಂಟರಿನಲ್ಲಿ ಹದಿನೆಂಟು ವರ್ಷ ಕೂತವಳನ್ನು ಎಲ್ಲರೂ ಕೌಂಟರಕ್ಕ ಎನ್ನುತ್ತಿದ್ದರು. ಸಿಟ್ಟು ಬಂದಾಗ ಮನೆಯಲ್ಲಿ ಗಂಡನೂ ಹಾಗೇ ಕರೆಯುವುದಿತ್ತು. ಆ ವರ್ಷ ಖಂಡದ ಅತ್ಯುತ್ತಮ ಫುಟ್‌ಬಾಲ್ ಆಟಗಾರರಿಗೆ ಪ್ರಶಸ್ತಿ ಕೊಡುವ ಸಮಾರಂಭ ಅವರ ಸಭಾಂಗಣಕ್ಕೆ ಬಂತು. ಬರುವವರೆಲ್ಲ ಆಹ್ವಾನಿತರೇ ಆದ್ದರಿಂದ ಕೌಂಟರಿಗೆ ಕೆಲಸವಿರಲಿಲ್ಲ. ನೊಣ ಹೊಡೆಯುತ್ತ ಕೂತಿದ್ದವಳನ್ನು ಕಾರ್ಯಕ್ರಮದ ನಿರ್ದೇಶಕ ತಾಲೀಮಿಗೆ ಕರೆದ.

ಆಟಗಾರರು ಬಂದಿಳಿಯುವುದು ಕೊನೆಯ ಗಳಿಗೆಯಲ್ಲಿ. ಅಲ್ಲಿಯ ತನಕ ಅವರ ಕುರ್ಚಿಗಳಲ್ಲಿ ಬೇರೆಯವರು ಕೂರಬೇಕು. ಕುರ್ಚಿಯ ಬೆನ್ನಿಗೆ ಆಟಗಾರರ ಫೋಟೋ ಅಂಟಿಸಿರುತ್ತದೆ. ವೇದಿಕೆಯಿಂದ ಹೆಸರು ಕೂಗಿದಾಗ ಆ ಕುರ್ಚಿಯವರು ಎದ್ದು, ಏಳು ಮೆಟ್ಟಿಲು ಹತ್ತಿ, ಮರದ ಡಮ್ಮಿ ಟ್ರೋಫಿ ತೆಗೆದುಕೊಂಡು, ಮೈಕಿನ ಮುಂದೆ ನಲವತ್ತು ಸೆಕೆಂಡು ಮಾತಾಡಿ ಇಳಿಯಬೇಕು. ನಿಜವಾಗಿ ಗೆದ್ದವರು ಯಾರೆಂದು ನಿರ್ದೇಶಕನಿಗೂ ಗೊತ್ತಿರುವುದಿಲ್ಲ. ಹಾಗಾಗಿ ತಾಲೀಮಿನಲ್ಲಿ ಅಂತಿಮ ಪಟ್ಟಿಯಲ್ಲಿರುವ ಮೂವರೂ ಸರದಿಯ ಮೇಲೆ ಗೆಲ್ಲುತ್ತಾರೆ.

ಕೌಂಟರಕ್ಕನಿಗೆ ಸಿಕ್ಕಿದ್ದು ಒಬ್ಬ ಗೋಲ್‌ಕೀಪರ್ ಹುಡುಗಿಯ ಕುರ್ಚಿ. ಅವಳನ್ನು ದಾಟಿ ಚೆಂಡು ಹೋಗುವುದಿಲ್ಲವೆಂದು ಅಭಿಮಾನಿಗಳು ಅವಳಿಗೆ ಗೋಡೆ ಎಂದು ಅಡ್ಡಹೆಸರಿಟ್ಟಿದ್ದರು.

"ಏನ್ ಮಾತಾಡ್ಲಿ ಸಾರ್?" ಎಂದು ಕೌಂಟರಕ್ಕ ಕೇಳಿದಳು.

"ಬಾಯಿಗೆ ಬಂದದ್ದು ಮಾತಾಡಿ. ಗಂಡನ್ನ ಬೈದ್ರೂ ನಡೆಯತ್ತೆ."

"ಅದಕ್ಕೆ ನಲವತ್ತು ಸೆಕೆಂಡು ಎಲ್ಲಿ ಸಾಲತ್ತೆ?"

ನಿರ್ದೇಶಕ ನಕ್ಕು ವೇದಿಕೆಗೆ ಹೋದ. ಮೊದಲ ಸುತ್ತಿನಲ್ಲಿ ಬೇರೆ ಯಾರೋ ಗೆದ್ದರು. ಎರಡನೆಯ ಸುತ್ತಿನಲ್ಲಿ ನಿರೂಪಕಿ ಗೋಡೆಯ ಹೆಸರನ್ನು, ಅಂದರೆ ಕಾಗದಪತ್ರದಲ್ಲಿರುವ ಪೂರ್ತಿ ಹೆಸರನ್ನು, ಕೂಗಿದಳು. ಕೌಂಟರಕ್ಕ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದಳು. ಮೂರನೆಯ ಮೆಟ್ಟಿಲಿನಲ್ಲಿ ಬಾಯೊಳಗೆ ಏನೋ ತಣ್ಣಗಾಯಿತು. ಮೆಟ್ಟಿಲುಗಳು ಇದ್ದಕ್ಕಿದ್ದಂತೆ ಎತ್ತರವಾದವು. ಚಿಕ್ಕ ಮಕ್ಕಳ ಹಾಗೆ ಮೊಣಕಾಲಿಗೆ ಕೈಯೂರಿ ಹತ್ತಬೇಕಾಯಿತು. ಮೈಕಿನ ಮುಂದೆ ಅವಳು ಬಾಯಿ ತೆರೆದಾಗ ಬಂದದ್ದು ಅವಳ ದನಿಯಲ್ಲ.

"ನನ್ ಹೆಸಲು ಕಲೆದ್ಲಲ್ಲ, ಅದಕ್ಕೇ ಬಂದೆ. ಎಲ್ಲಾ ಕಡೆ ಕಲೀತಾಲೆ. ಓಡಿ ಬಂದ್ಲೆ ಅಲ್ಲಿ ಅಕ್ಕ ನಿಂತಿಲ್ತಾಳೆ. ನಾನೆಲ್ಲಿ ನಿಂತ್ಕೊಳ್ಳಲಿ?"

ಹತ್ತು ಹನ್ನೆರಡರ ಹುಡುಗಿಯ ದನಿ. ರ ಬರಬೇಕಾದಲ್ಲೆಲ್ಲ ಲ. ಕುರ್ಚಿಗಳಲ್ಲಿದ್ದವರು ಬಿದ್ದು ಬಿದ್ದು ನಕ್ಕರು, ಯಾರೋ ಶಿಳ್ಳೆ ಹೊಡೆದರು. ಕೌಂಟರಕ್ಕ ಮಾತ್ರ ನಗಲಿಲ್ಲ. ಡಮ್ಮಿ ಟ್ರೋಫಿಯನ್ನು ನೆಲದ ಮೇಲಿಟ್ಟು ಇಳಿದುಬಂದವಳು ಸೀದಾ ಬಚ್ಚಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದಳು.

ಮರುದಿನ ಅವಳು ತಲೆನೋವೆಂದು ಕೌಂಟರ್ ಬಿಟ್ಟು ಏಳಲಿಲ್ಲ. ಆ ಕುರ್ಚಿಯಲ್ಲಿ ದೀಪದ ಕೆಲಸದವನನ್ನು ಕೂರಿಸಿದರು. ಗಿಡುಗನ ರೆಕ್ಕೆಯಂಥ ಮೀಸೆಯ ಆಳು. ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಹೆಸರು ಕೂಗಿದಾಗ ಅವನೂ ಎದ್ದು ಹೋದ. ಆ ಮೀಸೆಯ ಕೆಳಗಿನಿಂದ ಅದೇ ದನಿ ಬಂತು.

"ಮತ್ತೆ ಕಲೆದ್ಲಿ. ಬಂದೆ. ಎಲ್ಲಿ ನಿಂತ್ಕೊಳ್ಳಲಿ ಅಂತ ಯಾಲೂ ಹೇಳ್ಲಿಲ್ಲ."

ಈ ಸಲ ಯಾರೂ ನಗಲಿಲ್ಲ. ನಿರ್ದೇಶಕ ರೇಗಿದ. "ನಿನ್ನೆ ಕೌಂಟರಕ್ಕ, ಇವತ್ತು ನೀನು. ಇಬ್ಬರೂ ಸೇರಿ ನಾಟಕ ಕಟ್ಟಿದೀರಾ?"

ಮೈಕಿನ ಕಂಬ ಹಿಡಿದು ನಿಂತ ಮೀಸೆಯ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಸಭಾಂಗಣದ ಹಿಂಬಾಗಿಲ ಹತ್ತಿರ ಧೊಪ್ಪೆಂದು ಚೀಲವೊಂದು ಬಿತ್ತು. ಒಂದು ದಿನ ಮೊದಲೇ ಊರಿಗೆ ಬಂದಿದ್ದ ಗೋಡೆ ಜಾಗ ನೋಡಿಕೊಂಡು ಹೋಗಲೆಂದು ಬಂದು ಅಲ್ಲಿ ನಿಂತಿದ್ದಳು.

ಹತ್ತು ನಿಮಿಷದ ನಂತರ ಅವಳು ಕೌಂಟರಿನ ಗಾಜಿನ ಮುಂದಿದ್ದಳು.

"ಅಕ್ಕಾ, ನಿನ್ನೆ ಅಲ್ಲಿ ಮಾತಾಡಿದ್ದು ನೀವೇ ತಾನೆ?"

"ನಾನು ಮಾತಾಡ್ಲಿಲ್ಲಮ್ಮ. ನನ್ ಬಾಯಿ ಮಾತಾಡ್ತು."

"ರ ಬರ್ತಿರ್ಲಿಲ್ಲ, ಅಲ್ವಾ?"

ಕೌಂಟರಕ್ಕ ಪಕ್ಕದ ಬಾಗಿಲ ಚಿಲಕ ತೆಗೆದು ಅವಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು. ಗೋಲಿನಲ್ಲಿ ಹುಲಿಯ ಹಾಗೆ ಹಾರುವವಳು ಅಲ್ಲಿ ಮುದುಡಿ ಕೂತು, ಯಾರಿಗೂ ಹೇಳದ್ದನ್ನು ಹೇಳಿದಳು.

ಅವಳಿಗೆ ತನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಇದ್ದಳು. ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಅಕ್ಕ ಗೋಲು ಕಾಯುವಾಗ ಗುಬ್ಬಿ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡುತ್ತಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು. ಅಪ್ಪ ದುಃಖದಲ್ಲಿ ಸಾವನ್ನು ಕಚೇರಿಯಲ್ಲಿ ಬರೆಸಲಿಲ್ಲ. ಮೂರು ವರ್ಷದ ನಂತರ ಕಿರಿಯರ ತಂಡಕ್ಕೆ ಆಯ್ಕೆ ನಡೆದಾಗ ಅಕ್ಕನಿಗೆ ವಯಸ್ಸು ಮೀರಿತ್ತು. 'ಮನೇಲಿ ಚಿಕ್ಕೋಳ ಜನನಪತ್ರ ಇದ್ಯಲ್ಲ' ಎಂದ ತರಬೇತುದಾರ. ಅಪ್ಪ ತಲೆಯಾಡಿಸಿದ. ಅಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ.

"ಅವತ್ತಿಂದ ನಾನು ಅವಳ ಹೆಸರಲ್ಲೇ ಆಡ್ತಿದೀನಿ. ಪಂದ್ಯಕ್ಕೆ ಮುಂಚೆ ಧ್ವನಿವರ್ಧಕದಲ್ಲಿ ತಂಡದ ಹೆಸರು ಕೂಗ್ತಾರಲ್ಲಾ, ನನ್ನ ಸರದಿ ಬಂದಾಗ ಗೋಲಿನ ಹಿಂದೆ ಯಾರೋ 'ಓ' ಅಂತಾರೆ. ಎಷ್ಟು ಸಾವಿರ ಜನ ಕಿರುಚ್ತಿದ್ರೂ ಅದೊಂದು ಕೇಳ್ಸತ್ತೆ. ತಿರುಗಿ ನೋಡಿದ್ರೆ ಯಾರೂ ಇರಲ್ಲ."

"ಹೆದರಿಕೆ ಆಗಲ್ವೇನಮ್ಮ?"

"ಮೊದಮೊದಲು ಆಗ್ತಿತ್ತು. ಆಮೇಲೆ ನಾನೂ ಹಿಂದೆ ನೋಡೋದು ಬಿಟ್ಟೆ. ಕಳ್ಳತನ ಮಾಡಿದೋರು ಮನೆಯವರ ಮುಖ ನೋಡಲ್ಲ ನೋಡಿ, ಹಾಗೆ."

ಕೌಂಟರಕ್ಕ ತನ್ನ ನೀರಿನ ಬಾಟಲಿಯನ್ನು ಅವಳ ಕೈಗಿತ್ತಳು. "ನಂಗೆ ಓದು ಬರಹ ಅಷ್ಟಕ್ಕಷ್ಟೇ. ಆದ್ರೆ ಆ ಮಗುಗೆ ಕೋಪ ಇರ್ಲಿಲ್ಲ. ಬಸ್ಸಲ್ಲಿ ಸೀಟು ಸಿಗದ ಮಗು ಕೇಳೋ ಹಾಗೆ ಕೇಳ್ತು, ಅಷ್ಟೇ" ಎಂದಳು.

ಅದನ್ನು ಕೇಳಿ ಗೋಡೆ ಮುಖ ಮುಚ್ಚಿಕೊಂಡು ಅತ್ತಳು.

ಮರುದಿನ ಸಂಜೆ ಏಳಕ್ಕೆ ಸಮಾರಂಭ ಶುರುವಾಯಿತು. ಕೌಂಟರಕ್ಕ ಪಕ್ಕದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗೋಡೆ ಎರಡನೆಯ ಸಾಲಿನಲ್ಲಿ, ಪಕ್ಕದಲ್ಲಿ ಅವಳ ತಾಯಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅತ್ಯುತ್ತಮ ಗೋಲ್‌ಕೀಪರ್ ಸರದಿ ಬಂದಾಗ ಲಕೋಟೆ ಒಡೆದು ಹೆಸರು ಓದಿದರು. ಚಪ್ಪಾಳೆ ಮೊಳಗಿತು. ಗೋಡೆ ಇನ್ನೂ ಕುರ್ಚಿಯಿಂದ ಎದ್ದಿರಲಿಲ್ಲ. ವೇದಿಕೆಯ ಮೈಕಿನಲ್ಲಿ ಓಡಿ ಬಂದವರ ಏದುಸಿರು ಕೇಳಿಸಿತು. ಧ್ವನಿವರ್ಧಕದವನು ತನ್ನ ಯಂತ್ರದ ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡಿದ. ಮೈಕಿನ ಹತ್ತಿರ ಯಾರೂ ಇರಲಿಲ್ಲ.

ಗೋಡೆ ಮೆಟ್ಟಿಲು ಹತ್ತಿದಳು. ಟ್ರೋಫಿಗೆ ಕೈ ಚಾಚಲಿಲ್ಲ.

"ನೀವು ಕರೆದ ಹೆಸರು ನಂದಲ್ಲ" ಎಂದಳು. ಅವಳದ್ದೇ ದನಿ. "ಅದು ನನ್ನ ತಂಗಿ ಹೆಸರು. ಅವಳು ಹನ್ನೆರಡು ವರ್ಷಕ್ಕೇ ಹೋಗ್ಬಿಟ್ಲು. ಅವಳ ವಯಸ್ಸು ತೋರ್ಸಿ ನಾನು ತಂಡ ಸೇರ್ದೆ. ಇಷ್ಟು ವರ್ಷ ನೀವು ಅವಳನ್ನ ಕರೀತಿದ್ರಿ, ನಾನು ಬರ್ತಿದ್ದೆ."

ಆಮೇಲೆ ಮೈಕಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಎದೆಯೆತ್ತರದ ಖಾಲಿ ಜಾಗವನ್ನು ನೋಡಿ ಹೇಳಿದಳು: "ಇಲ್ಲಿ ನಿಂತ್ಕೋ ಗುಬ್ಬಿ."

ಕ್ಯಾಮೆರಾದವರಿಗೆ ಯಾವ ಕಡೆ ತಿರುಗಿಸಬೇಕೆಂದೇ ತಿಳಿಯಲಿಲ್ಲ. ಟ್ರೋಫಿ ಹಿಡಿದು ನಿಂತಿದ್ದ ಅತಿಥಿ ಆಮೇಲೆ ಒಂದು ಮಾತು ಹೇಳಿದನಂತೆ: ಅಷ್ಟು ಭಾರದ ಟ್ರೋಫಿ ಒಂದು ಕ್ಷಣ ಹೂವಿನ ಹಾಗೆ ಹಗುರವಾಯಿತು, ಕೆಳಗಿನಿಂದ ಯಾರೋ ಎರಡೂ ಕೈ ಕೊಟ್ಟು ಎತ್ತಿದ ಹಾಗೆ. ಕೌಂಟರಕ್ಕ ಕಂಡದ್ದು ಬೇರೆ. ಗೋಡೆ ಬಲಗೈಯನ್ನು ತುಸು ಕೆಳಗೆ ಚಾಚಿಕೊಂಡೇ ಮೆಟ್ಟಿಲಿಳಿದಳು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು.

ಪ್ರಶಸ್ತಿ ರದ್ದಾಯಿತು. ಮುಂದೆ ವಿಚಾರಣೆ ನಡೆದು ಅವಳನ್ನು ಎರಡು ವರ್ಷ ಆಟದಿಂದ ಹೊರಗಿಟ್ಟರು. 'ಗೋಡೆ ಕುಸಿಯಿತು' ಎಂದು ಸಮಾರಂಭದ ಮರುದಿನ ಬೆಳಗಿನ ಪತ್ರಿಕೆ ದಪ್ಪಕ್ಷರದಲ್ಲಿ ಹಾಕಿತು. ಕೌಂಟರಕ್ಕ ಅದನ್ನು ಓದುತ್ತಿರುವಾಗಲೇ ಗಾಜಿನ ಆಚೆ ಆ ತಾಯಿ ಬಂದು ನಿಂತಳು. ರಾತ್ರಿಯ ಸೀರೆಯೇ ಮೈಮೇಲಿತ್ತು.

"ದೊಡ್ಡೋಳು ಎಲ್ಲಾ ಹೇಳಿದ್ಲು. ನಿಮ್ ಬಾಯಲ್ಲಿ ಬಂದಿದ್ಲಂತೆ."

"ಹೂಂ ಅಮ್ಮಾ."

"ಚಳಿ ಆಗ್ತಿತ್ತಾ ಅವಳಿಗೆ? ಹಸಿದಿದ್ಲಾ?"

"ಇಲ್ಲಮ್ಮ. ಓಡಿ ಬಂದ ದಣಿವು, ಅಷ್ಟೇ."

"ನಾನೊಂದ್ಸಲ ಕರೀಲಾ?"

ಕೌಂಟರಕ್ಕನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ; ಹೂಂ ಎಂದು ತಲೆಯಾಡಿಸಿ ಕಣ್ಣು ಮುಚ್ಚಿದಳು. ತಾಯಿ ಗಾಜಿನ ತೂತಿಗೆ ಬಾಯಿಟ್ಟು ಆ ಹೆಸರು ಕರೆದಳು, ಆಟವಾಡುತ್ತಿರುವ ಮಗುವನ್ನು ಊಟಕ್ಕೆ ಕರೆದ ಹಾಗೆ. ಕೌಂಟರಕ್ಕ ಕಾದಳು. ನಾಲಿಗೆ ಬೆಚ್ಚಗೇ ಇತ್ತು. ಗಡಿಯಾರ ಟಿಕ್ ಟಿಕ್ ಎಂದಿತು. ಏನೂ ಬರಲಿಲ್ಲ.

"ಬರಲ್ಲ ಬಿಡಿ" ಎಂದಳು ತಾಯಿ. ಮುಖದಲ್ಲಿ ಸಮಾಧಾನವೋ ಸಂಕಟವೋ ಹೇಳಲಾಗದು. ಆಮೇಲೆ ಬ್ಯಾಗಿನಿಂದ ಮಡಿಕೆ ಮಡಿಕೆಯಾದ ಜನನಪತ್ರವೊಂದನ್ನು ತೆಗೆದಳು. "ಸಾವು ಬರೆಸೋ ಆಫೀಸು ಎಲ್ಲಿದೆ ನಿಮಗೇನಾದ್ರೂ ಗೊತ್ತಾ?"

"ನಿಮ್ಮೂರಲ್ಲೇ ಬರೆಸ್ಬೇಕೇನೋ. ಬನ್ನಿ, ಇಲ್ಲಿ ಕೇಳಿ ನೋಡೋಣ." ಕೌಂಟರಕ್ಕ ಗಾಜಿನ ಮುಂದೆ 'ಮುಚ್ಚಿದೆ' ಎಂಬ ಹಲಗೆ ನಿಲ್ಲಿಸಿ ಅವಳ ಜೊತೆ ಹೊರಟಳು.

ಎರಡು ಬಸ್ಸು ಬದಲಿಸಿ ಹೋದರು. ಅರ್ಜಿ ಇಲ್ಲೇ ತೆಗೆದುಕೊಂಡು ಅವರೂರಿಗೆ ಕಳಿಸಬಹುದೆಂದು ಅಲ್ಲಿಯ ಗುಮಾಸ್ತ ಹೇಳಿದ. ಹೆಸರು ಬರೆದುಕೊಂಡ, ತಾರೀಕು ಬರೆದುಕೊಂಡ. ತಾರೀಕು ನೋಡಿ ಕನ್ನಡಕ ಮೇಲೆತ್ತಿದ.

"ಏನಮ್ಮಾ ಇದು? ಹದಿಮೂರು ವರ್ಷ ಆಯ್ತು. ಇಷ್ಟು ದಿನ ಏನು ಮಾಡ್ತಿದ್ರಿ?"

"ಆಡ್ತಿದ್ಲು ಸಾರ್" ಎಂದಳು ತಾಯಿ.

ಗುಮಾಸ್ತನಿಗೆ ಅರ್ಥವಾಗಲಿಲ್ಲ. ತಡವಾದದ್ದಕ್ಕೆ ಕಾರಣ ಎಂಬ ಜಾಗವನ್ನು ಖಾಲಿ ಬಿಟ್ಟು, ಕಾಗದ ಅವಳ ಕಡೆ ತಿರುಗಿಸಿ, ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದ.