ನೆನೆಸಿಟ್ಟ ಪಾಸ್ತಾ

ಒಂದು ಪೊಟ್ಟಣ ಪಾಸ್ತಾಕ್ಕೆ ನನ್ನ ಇಪ್ಪತ್ತು ನಿಮಿಷದ ಕೂಲಿ. ಆರು ಸಾಸೇಜಿಗೆ ಮುಕ್ಕಾಲು ಗಂಟೆಯದು. ಎರಡು ದೊಣ್ಣೆಮೆಣಸಿನಕಾಯಿ, ನಾಲ್ಕು ಟೊಮೆಟೊ, ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ ಎಲ್ಲ ಸೇರಿ ಇನ್ನೊಂದು ಅರ್ಧ ಗಂಟೆ. ನಾಲ್ಕು ಜನ ಹೊಟ್ಟೆ ತುಂಬ ಉಣ್ಣಲು ನಾನು ಗೋಡೆಯ ಮುಂದೆ ಒಂದೂವರೆ ಗಂಟೆ ಚಿಲ್ಲರೆ ನಿಂತರೆ ಸಾಕು. ಅದೇ ನಾಲ್ಕು ಜನ ಹೋಟೆಲಿಗೆ ಹೋದರೆ ಅರ್ಧ ದಿನದ ಕೂಲಿ ಕೈಬಿಡುತ್ತದೆ, ಮೇಲೆ ಬಡಿಸುವವನ ಗಂಟುಮುಖ ಬೇರೆ. ನಾನು ಗಾರೆ ಕೆಲಸದವನು, ಲೆಕ್ಕವೆಲ್ಲ ನನಗೆ ಹೀಗೇ ಬರುತ್ತದೆ.

ಈ ಲೆಕ್ಕ ಹಾಕುವ ಪ್ರಮೇಯ ಬಂದದ್ದು ನನ್ನ ಹೆಂಡತಿಯಿಂದ. ಅವಳು ಒಂಬತ್ತು ವರ್ಷ ಡಿಪೋದಲ್ಲಿ ಬಸ್ಸು ತೊಳೆದಳು. ತೊಳೆಯುತ್ತ ತೊಳೆಯುತ್ತಲೇ ಓಡಿಸುವುದನ್ನು ಕಲಿತು, ಪರೀಕ್ಷೆ ಪಾಸು ಮಾಡಿದಳು. ಖಾಲಿ ಇದ್ದದ್ದು ಮಧ್ಯಾಹ್ನದ ಪಾಳಿ ಮಾತ್ರ. ಹನ್ನೆರಡಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಏಳೂವರೆಗೆ. ಒಂದು ವಾರ ಓಡಿಸಿ ನೋಡಿ, ಶನಿವಾರ ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ರುಜು ಹಾಕಿ ಕೊಡಬೇಕು. ಬೇಡವೆಂದರೆ ಮತ್ತೆ ಅದೇ ಪೈಪು, ಅದೇ ಬಕೆಟ್ಟು.

ಸಂಜೆಯ ಅಡುಗೆಗೆ ಅತ್ತೆ, ಅಂದರೆ ಅವಳ ಅಮ್ಮ, ನಮ್ಮ ಜೊತೆಗಿದ್ದರು. ಆದರೆ ಪಾಳಿ ಶುರುವಾಗುವ ಹಿಂದಿನ ದಿನವೇ ಅವರು ಮೆಟ್ಟಿಲ ಮೇಲೆ ಜಾರಿ ಬಲ ಮಣಿಕಟ್ಟು ಮುರಿದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅವರ ಕೈಯ ಪ್ಲಾಸ್ಟರನ್ನು ತಿರುಗಿಸಿ ನೋಡಿ, "ಮೇಲ್ಮೈ ಉಬ್ಬುತಗ್ಗು ಅತ್ತೆ. ಈ ಡಾಕ್ಟರನ್ನ ನಾನಾಗಿದ್ರೆ ಒಂದು ದಿನ ಕೆಲಸಕ್ಕೆ ಇಟ್ಕೊಳ್ತಿರಲಿಲ್ಲ," ಎಂದೆ. ಅವರು ಎಡಗೈಯಿಂದ ನನ್ನ ಬೆನ್ನಿಗೊಂದು ಕೊಟ್ಟರು.

"ಸಂಜೆ ಅಡುಗೆ ನಾನು ಮಾಡ್ತೀನಿ," ಎಂದು ಹೆಂಡತಿಗೆ ಹೇಳಿದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೀ, ನೀವು ಮಾಡಿದ ಚಹಾನ ಅಮ್ಮ ಗಿಡಕ್ಕೆ ಸುರೀತಾರೆ. ಗೊತ್ತಾ?"

"ಗಿಡ ಬದುಕಿದೆ ತಾನೇ?"

"ಒಂದು ಒಣಗಿದೆ," ಎಂದರು ಅತ್ತೆ.

ಹೆಂಡತಿ ಮಾತ್ರ ನಗಲಿಲ್ಲ. "ನೋಡಿ, ಪುಟ್ಟಿ ಶಾಲೆಯಿಂದ ಬಂದು ಒಣ ಬ್ರೆಡ್ಡು ತಿಂದು ಮಲಗೋ ಹಾಗಾದ್ರೆ ನನಗೆ ಸ್ಟೇರಿಂಗ್ ಹಿಡಿಯೋಕೆ ಮನಸ್ಸು ಬರಲ್ಲ. ಶುಕ್ರವಾರದೊಳಗೆ ಈ ಮನೇಲಿ ಒಂದೇ ಒಂದು ಸಲ ನೆಟ್ಟಗೆ ಬಿಸಿ ಊಟ ಆಗ್ಲಿ, ಸಾಕು. ಆಗಲಿಲ್ವೋ, ಬೇಡ ಅಂತ ಬರೆದುಕೊಡ್ತೀನಿ."

ಸೋಮವಾರ ನಾನು ಮೂರನೇ ಮಹಡಿಯ ಹೊರಗೋಡೆಗೆ ಗಾರೆ ಬಳಿಯುತ್ತಿದ್ದೆ. ಕೆಳಗಿನ ಇಕ್ಕಟ್ಟು ತಿರುವಿನಲ್ಲಿ ಅವಳ ಬಸ್ಸು ಬಂತು. ಎರಡೂ ಕಡೆ ನಿಂತ ಗಾಡಿಗಳ ನಡುವೆ, ಸೂಜಿಗೆ ದಾರ ಪೋಣಿಸಿದ ಹಾಗೆ ಅದನ್ನು ತಿರುಗಿಸಿಕೊಂಡು ಹೋದಳು. ತಲೆಯೆತ್ತಿ ನನ್ನ ಕಡೆ ನೋಡಲೂ ಇಲ್ಲ. ನನ್ನ ಕರಣೆಯಲ್ಲಿದ್ದ ಗಾರೆ ಜಾರಿ ಕೆಳಗೆ ಬಿದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಇವಳ ಕೈಗೆ ಮತ್ತೆ ಬಕೆಟ್ಟು ಕೊಡಬಾರದು ಎಂದು ಅಲ್ಲೇ ನಿಶ್ಚಯ ಮಾಡಿದೆ.

ನಿಶ್ಚಯದಿಂದ ಒಲೆ ಹೊತ್ತುವುದಿಲ್ಲವಲ್ಲ. ಸೋಮವಾರ ಕೆಲಸ ತಡವಾಗಿ ಬ್ರೆಡ್ಡು. ಮಂಗಳವಾರ ಮೊಟ್ಟೆ ಸೀದು ಬ್ರೆಡ್ಡು. ಬುಧವಾರ ನಮ್ಮ ಮಗಳು ಪುಟ್ಟಿ ಬಿಸ್ಕತ್ತಿನ ಎರಡು ಪೊಟ್ಟಣ ಖಾಲಿ ಮಾಡಿ ಹೊಟ್ಟೆ ಹಿಡಿದುಕೊಂಡು ಕೂತಳು. ಹೆಂಡತಿ ಬಂದು ಅವಳ ಹೊಟ್ಟೆ ಸವರಿ, ಓಮದ ನೀರು ಕುಡಿಸಿ ಮಲಗಿಸಿದಳು.

ಅದೇ ಬುಧವಾರ ಹಗಲು ನನ್ನ ಸಪ್ಪೆ ಮುಖ ನೋಡಿ, ಜೊತೆಗೆ ಕೆಲಸ ಮಾಡುವ ಬಣ್ಣ ಬಳಿಯುವವನು ಉಪಾಯ ಹೇಳಿದ್ದ. "ಪಾಸ್ತಾ ಮಾಡೋ ಮಾರಾಯ. ಸಾಸೇಜ್ ಹುರಿ, ತರಕಾರಿ ಹಾಕು, ಬೇಯಿಸಿದ ಪಾಸ್ತಾ ಬೆರೆಸು. ನನ್ನಂಥವನೇ ಮಾಡ್ತೀನಿ ಅಂದ್ರೆ ನಿನಗೇನು ಧಾಡಿ?"

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಅಂಗಡಿಯಿಂದ ತಂದಿಟ್ಟಿದ್ದ ಪೊಟ್ಟಣ ಒಡೆದೆ. ಪಾಸ್ತಾ ಕಲ್ಲಿನ ಹಾಗಿತ್ತು. ಗಾರೆಯವನಿಗೆ ಮೊದಲ ಪಾಠವೇ ಇಟ್ಟಿಗೆ ನೆನೆಸುವುದು. ಒಣ ಇಟ್ಟಿಗೆ ಇಟ್ಟರೆ ಗಾರೆಯ ನೀರನ್ನೆಲ್ಲ ಅದೇ ಕುಡಿದುಬಿಡುತ್ತದೆ, ಗೋಡೆ ನಿಲ್ಲುವುದಿಲ್ಲ. ಇದೂ ಹಾಗೇ ಇರಬೇಕು ಎಂದುಕೊಂಡು ದೊಡ್ಡ ಪಾತ್ರೆಯಲ್ಲಿ ಸುರಿದು, ಮುಳುಗುವಷ್ಟು ನೀರು ಹೊಯ್ದು, ಮುಚ್ಚಳ ಹಾಕಿ, ಬಹಳ ಮುಂದಾಲೋಚನೆಯವನ ಹಾಗೆ ಶಿಳ್ಳೆ ಹಾಕುತ್ತ ಹೋದೆ.

ಸಂಜೆ ಮುಚ್ಚಳ ತೆಗೆದರೆ ಒಳಗೆ ಪಾಸ್ತಾ ಇರಲಿಲ್ಲ. ಪಾತ್ರೆಯ ಆಕಾರದ ಬಿಳಿ ಗಡ್ಡೆಯೊಂದಿತ್ತು. ಬೆಂದರೆ ಬಿಡಿಸಿಕೊಂಡೀತು ಎಂದು ಒಲೆಯ ಮೇಲಿಟ್ಟೆ. ಬೆಂದು ಅಂಟಾಯಿತು. ಸೌಟು ನೆಟ್ಟಗೆ ನಿಂತಿತು.

ಅತ್ತೆ ಬಗ್ಗಿ ನೋಡಿದರು. "ಅಳಿಯಂದ್ರೇ, ಇದನ್ನ ತಿನ್ನಬೇಕೋ, ಬಚ್ಚಲ ಗೋಡೆಗೆ ಬಳೀಬೇಕೋ?"

ಪುಟ್ಟಿ ಕಸದ ಡಬ್ಬಿಯಿಂದ ಪೊಟ್ಟಣ ಎತ್ತಿಕೊಂಡು ಓದಿದಳು. "ಕುದಿಯೋ ನೀರಿಗೆ ಹಾಕಿ, ಹತ್ತು ನಿಮಿಷ ಬೇಯಿಸಿ ಅಂತಿದೆ. ನೆನೆಸಿ ಅಂತ ಎಲ್ಲೂ ಇಲ್ಲ ಅಪ್ಪಾ. ಇಷ್ಟು ದಪ್ಪಕ್ಕೆ ಬರೆದಿದ್ದಾರೆ!"

ಹೆಂಡತಿ ಬರುವ ಹೊತ್ತಿಗೆ ನಾವು ಹುರಿದ ಸಾಸೇಜನ್ನು ಬ್ರೆಡ್ಡಿನೊಳಗೆ ಇಟ್ಟು ತಿನ್ನುತ್ತಿದ್ದೆವು. ಅವಳು ಪಾತ್ರೆ ನೋಡಿದಳು, ನಿಂತ ಸೌಟು ನೋಡಿದಳು. ಕೈಚೀಲದಿಂದ ಆ ಪತ್ರ ತೆಗೆದು ಮೇಜಿನ ಮೇಲೆ ಇಟ್ಟಳು.

"ಬಿಡಿ. ನೀವು ಪ್ರಯತ್ನ ಮಾಡಿದ್ರಲ್ಲ, ಅದೇ ದೊಡ್ಡದು," ಎಂದಳು ಮೆತ್ತಗೆ. "ಬಸ್ಸು ತೊಳೆಯೋದೇನು ಕೆಟ್ಟ ಕೆಲಸವಲ್ಲ."

"ಇನ್ನೂ ಒಂದು ದಿನ ಇದೆ," ಎಂದೆ.

"ನಾಳೆ ಏನು ನೆನೆಸ್ತೀರಿ?"

ಆ ಮಾತಿಗೆ ಅತ್ತೆ, ಪುಟ್ಟಿ ಬಿದ್ದು ಬಿದ್ದು ನಕ್ಕರು. ಹೆಂಡತಿಯೂ ನಕ್ಕಳು. ಪತ್ರ ಮಾತ್ರ ಮೇಜಿನ ಮೇಲೇ ಉಳಿಯಿತು.

ಶುಕ್ರವಾರ ನಾನು ಒಂದು ಕೋಣೆಯ ಚಾವಣಿಗೆ ಜಿಪ್ಸಮ್ ಬಳಿಯುತ್ತಿದ್ದೆ. ಆ ಪುಡಿಗೆ ನೀರು ಸೋಕಿತೆಂದರೆ ಕಾಲು ಗಂಟೆಯೊಳಗೆ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಬಾಂಡಲಿಯಲ್ಲೇ ಗಟ್ಟಿ. ಅದಕ್ಕೆ ಏಣಿ, ಕರಣೆ, ಪಟ್ಟಿ ಎಲ್ಲ ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ಕೊನೆಯಲ್ಲಿ ನೀರು ಹಾಕುವುದು. ಅರ್ಧ ಚಾವಣಿ ಬಳಿದಾಗ ನನಗೆ ಹೊಳೆಯಿತು. ಪಾಸ್ತಾ ಇಟ್ಟಿಗೆಯಲ್ಲ, ಜಿಪ್ಸಮ್!

ದಾರಿಯಲ್ಲಿ ಮತ್ತೆ ಪಾಸ್ತಾ, ಸಾಸೇಜು ಕೊಂಡು, ಐದಕ್ಕೆ ಮನೆಗೆ ಬಂದು ಕೈಕಾಲು ತೊಳೆದೆ. ಪಾಸ್ತಾ ಪೊಟ್ಟಣವನ್ನು ಕೈಗೆಟುಕದ ಹಾಗೆ ಕಪಾಟಿನ ಮೇಲಿಟ್ಟೆ. ಮೊದಲು ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ ಹೆಚ್ಚಿ ಬೇರೆ ಬೇರೆ ತಟ್ಟೆಗೆ ಹಾಕಿದೆ. ಸಾಸೇಜನ್ನು ಬೆರಳಗಲಕ್ಕೆ ಕತ್ತರಿಸಿದೆ.

"ಅಳತೆಪಟ್ಟಿ ತರ್ಲಾ?" ಎಂದಳು ಪುಟ್ಟಿ.

"ನಗಬೇಡ. ಗಡಿಯಾರ ನೋಡೋದು ನಿನ್ನ ಕೆಲಸ."

ಅತ್ತೆ ಕುರ್ಚಿ ಎಳೆದುಕೊಂಡು ಒಲೆಯ ಪಕ್ಕವೇ ಕೂತರು. ಬಾಣಲೆಯಲ್ಲಿ ಸಾಸೇಜು ಚುರುಗುಟ್ಟಿ ಕೆಂಪಾಯಿತು. ತೆಗೆಯಲು ಹೋದರೆ, "ಜಿಡ್ಡು ಚೆಲ್ಲಬೇಡಿ! ರುಚಿಯೆಲ್ಲ ಅಲ್ಲೇ ಇರೋದು. ಈರುಳ್ಳಿ ಅದರಲ್ಲೇ ಬಾಡಲಿ," ಎಂದರು. ಈರುಳ್ಳಿ ಬಾಡಿತು. ಮೆಣಸಿನಕಾಯಿ, ಬೆಳ್ಳುಳ್ಳಿ ಬಿತ್ತು. ಟೊಮೆಟೊ ಕರಗಿ ಬಾಣಲೆಯ ತಳಕ್ಕೆ ಹತ್ತಿದ ಕಂದು ಕರಿಕನ್ನೆಲ್ಲ ಬಿಡಿಸಿಕೊಂಡಿತು. ಸಾಸೇಜು ಮತ್ತೆ ಒಳಗೆ ಹೋಯಿತು. ಆಮೇಲೆ ಕಪಾಟಿನ ಮೇಲಿಂದ ಪೊಟ್ಟಣ ಇಳಿಸಿ, ಕೊತಕೊತ ಕುದಿಯುವ ಉಪ್ಪುನೀರಿಗೆ ಪಾಸ್ತಾ ಸುರಿದೆ.

"ಒಂಬತ್ತು ನಿಮಿಷ ಆಯ್ತು!" ಎಂದು ಪುಟ್ಟಿ ಕೂಗಿದಳು. ಒಂದನ್ನು ಕಚ್ಚಿ ನೋಡಿದೆ. ನಡುವೆ ಎಳ್ಳಷ್ಟು ಬಿಗಿಯಿತ್ತು. ಬಸಿದು ಬಾಣಲೆಗೆ ಹಾಕಿ ತಿರುವಿದೆ, ಬಿಗಿಯೆನಿಸಿತು. ಗಾರೆ ಬಿಗಿಯಾದರೆ ಏನು ಮಾಡಬೇಕೆಂದು ಯಾರೂ ನನಗೆ ಹೇಳಿಕೊಡಬೇಕಿಲ್ಲ. ಪಾಸ್ತಾ ಬೆಂದ ನೀರನ್ನೇ ಒಂದು ಸೌಟು ಚಿಮುಕಿಸಿದೆ. ಎಲ್ಲ ಸಡಿಲವಾಗಿ, ಮಿರಮಿರ ಮಿಂಚಿ, ಹದಕ್ಕೆ ಬಂತು.

ಅತ್ತೆ ಎಡಗೈಯಲ್ಲಿ ರುಚಿ ನೋಡಿದರು. ಕಣ್ಣು ಮುಚ್ಚಿ ಜಗಿದರು. "ಉಪ್ಪು..." ಎಂದು ನಿಲ್ಲಿಸಿದರು. ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದೆ. "ಸರಿಯಾಗಿದೆ," ಎಂದು ಇನ್ನೊಂದು ಚಮಚ ತೆಗೆದುಕೊಂಡರು.

ಹೆಂಡತಿ ಬಾಗಿಲಲ್ಲೇ ನಿಂತು ಮೂಗೆಳೆದಳು. "ಯಾರ ಮನೇದು ಈ ವಾಸನೆ?" ಸಮವಸ್ತ್ರ ಬದಲಿಸದೆ, ಕೈ ತೊಳೆದು ಕೂತಳು. ಮೊದಲ ತಟ್ಟೆ ನೋಡನೋಡುತ್ತ ಖಾಲಿಯಾಯಿತು. ಎರಡನೆಯದಕ್ಕೆ ಅವಳೇ ಬಡಿಸಿಕೊಂಡಳು. ಪುಟ್ಟಿ ಬಾಣಲೆಯನ್ನೇ ಎಳೆದುಕೊಂಡು ಬ್ರೆಡ್ಡಿನಿಂದ ಒರೆಸಿ ಒರೆಸಿ ತಿಂದಳು.

"ನಿಜ ಹೇಳಿ, ಯಾರು ಮಾಡಿದ್ದು?" ಎಂದಳು ಹೆಂಡತಿ.

"ನಾನೇ," ಎಂದೆ.

"ಕೈ ಅವರದು, ತಲೆ ನನ್ನದು," ಎಂದರು ಅತ್ತೆ.

"ಗಡಿಯಾರ ನಂದು!" ಎಂದಳು ಪುಟ್ಟಿ.

ಹೆಂಡತಿ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ಮೇಲೆ ಬಿದ್ದಿದ್ದ ಟೊಮೆಟೊ ರಸವನ್ನು ಹೆಬ್ಬೆರಳಿನಿಂದ ಒರೆಸಿ ರುಜು ಹಾಕಿದಳು. ಕಲೆ ಪೂರ್ತಿ ಹೋಗಲಿಲ್ಲ. "ಡಿಪೋದವರು ಕೇಳಿದ್ರೆ?" ಎಂದೆ. "ನಮ್ಮನೆಯವರ ಮೊಹರು ಅಂತೀನಿ," ಎಂದಳು.

ಮೊದಲು, ಬಸ್ಸು ತೊಳೆಯುವಾಗ, ಅವಳ ಪಾಳಿ ಮೂರಕ್ಕೆ ಮುಗಿಯುತ್ತಿತ್ತು. ಸಂಜೆ ನಾನು ಬರುವ ದಾರಿಯಲ್ಲಿ ಅವಳು ಕಾದಿರುತ್ತಿದ್ದಳು, ಇಬ್ಬರೂ ಮಾತಾಡುತ್ತ ಮನೆಯವರೆಗೆ ನಡೆಯುತ್ತಿದ್ದೆವು. ಅದು ಹೋಯಿತು. ಒಂದು ಪಾತ್ರೆಯೂ ಹೋಯಿತು, ಎಷ್ಟು ಉಜ್ಜಿದರೂ ಅಂಟು ಬಿಡಲಿಲ್ಲ. ಹೆಂಡತಿಗೆ ಬೇಕಾದ ಕೆಲಸ ಸಿಕ್ಕಿತು, ನನಗೆ ಒಂದು ಅಡುಗೆ ಬಂತು.