ಟೈರಿನ ಹಾಲು

ಕಾರು ತೊಳೆಯುವವನ ಅಂಗಳದಲ್ಲಿ ಬೆಕ್ಕೊಂದು ಟೈರು ನೆಕ್ಕುತ್ತಿತ್ತು. ಅವನು ಆಗಷ್ಟೇ ಹೊಳಪು ಬಳಿದು ಮುಗಿಸಿದ್ದ ಟೈರು. ಇಷ್ಟು ವರ್ಷ ಬೆಕ್ಕುಗಳು ಅವನ ಹೊಳಪನ್ನು ಮೂಸಿ ಮೂತಿ ತಿರುವಿದ್ದವೇ ಹೊರತು ಒಂದೂ ನಾಲಿಗೆ ಚಾಚಿರಲಿಲ್ಲ. ಅನುಮಾನ ಬಂದು ಹೊಳಪಿನ ಕ್ಯಾನಿಗೆ ಬೆರಳದ್ದಿ ನೆಕ್ಕಿ ನೋಡಿದ. ಅಪ್ಪಟ ಹಾಲು.

ಟೈರಿಗೆ ಬಳಿಯುವುದನ್ನು ಅವನು ತಾನೇ ಕಲಸುತ್ತಿದ್ದ. ನೀರಿನಲ್ಲಿ ಬೆರೆಯುವ ಸಿಲಿಕೋನ್ ಎಣ್ಣೆ, ಗ್ಲಿಸರಿನ್, ಒಂದಿಷ್ಟು ಪರಿಮಳ. ನೋಡಲು ಬೆಳ್ಳಗಿದ್ದುದರಿಂದ ಅದಕ್ಕೆ 'ಹಾಲು' ಎಂದೇ ಹೆಸರಿಟ್ಟಿದ್ದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಿರಾಕಿಗಳು ಛೇಡಿಸಿದರೆ, "ನಮ್ಮಲ್ಲಿ ಟೈರೂ ಹಾಲು ಕುಡಿಯುತ್ತೆ" ಎಂದು ಬೀಗುತ್ತಿದ್ದ. ಹಿಂದಿನ ಸಂಜೆ ಬೇರೆ ಡಬ್ಬ ಸಿಗದೆ ಮನೆಯ ಸ್ಟೀಲ್ ಕ್ಯಾನಿನಲ್ಲಿ ಕಲಸಿ ಮೆಟ್ಟಿಲ ಬುಡದಲ್ಲಿಟ್ಟಿದ್ದ. ಬೆಳಿಗ್ಗೆ ಹಾಲಿನವನು ಪಕ್ಕದಲ್ಲೇ ಇದ್ದ ಅದರ ಜೋಡಿ ಕ್ಯಾನಿಗೆ ಹಾಲು ಹೊಯ್ದು ಹೋಗಿದ್ದ. ಮೇಲಿನ ಮನೆಯಿಂದ ಅಮ್ಮ, "ಹಾಲು ಎಲ್ಲೋ?" ಎಂದು ಕೂಗಿದಾಗ, "ಮೆಟ್ಟಿಲ ಹತ್ರ ಇದೆ, ತಗೊಳಮ್ಮ" ಎಂದವನೂ ಇವನೇ.

ಈಗ ಮೆಟ್ಟಿಲ ಬುಡದಲ್ಲಿ ಇನ್ನೊಂದು ಕ್ಯಾನು ಇರಲಿಲ್ಲ. ಮೆಟ್ಟಿಲು ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ. ಅಮ್ಮ ಮೊಮ್ಮಗಳ ಲೋಟ ತೊಳೆಯುತ್ತಿದ್ದಳು.

"ಮಗು ಹಾಲು ಕುಡೀತಾ?"

"ಒಂದು ತೊಟ್ಟೂ ಬಿಡಲಿಲ್ಲ ಕಣೋ. ಏನೋ ಘಮ ಇತ್ತು. ಅವಳು ದಿನಾ ರಂಪ ಮಾಡ್ತಾಳಲ್ಲ, ನೀನೇ ಏನಾದ್ರೂ ಬೆರೆಸಿ ಇಟ್ಟಿದ್ದೀಯ ಅಂದ್ಕೊಂಡೆ. ಕೆನೆ ಮಾತ್ರ ಕಟ್ಟಲಿಲ್ಲ."

ಅವನು ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಅಮ್ಮ ಒದ್ದೆ ಕೈಯಲ್ಲೇ ಹಿಂದೆ ಬಂದಳು.

"ಅದರಲ್ಲಿ ಏನೇನಿದೆ?" ಎಂದು ಡಾಕ್ಟರಮ್ಮ ಕೇಳಿದರು. ಅವನು ಒಂದೊಂದಾಗಿ ಹೇಳಿದ.

"ಪರಿಮಳ ಅಂದ್ರಲ್ಲ, ಅದರಲ್ಲಿ ಏನಿದೆ?"

ಸ್ಟ್ರಾಬೆರಿ ವಾಸನೆ ಎಂಬುದೊಂದು ಬಿಟ್ಟರೆ ಅವನಿಗೇನೂ ಗೊತ್ತಿರಲಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದ.

"ನನಗೇನ್ ಗೊತ್ತಣ್ಣ? ಡ್ರಮ್ಮಲ್ಲಿ ಬರುತ್ತೆ, ಅಳೆದು ಕೊಡ್ತೀನಿ."

ತಾನೇ ಕಲಸಿದ್ದು, ಕಂಡಕಂಡವರ ಮುಂದೆ ಜಂಬ ಕೊಚ್ಚಿದ್ದು, ಈಗ ಮಗಳ ಹೊಟ್ಟೆಯೊಳಗಿದೆ; ಏನೆಂದು ಹೇಳಲು ತನಗೇ ಬಾರದು. ಅವನು ಗೋಡೆಗೊರಗಿ ನಿಂತ. ಅಮ್ಮ ಮಾತ್ರ, "ನನ್ನ ಕೈಯಾರೆ ಕೊಟ್ಟೆನಲ್ಲೋ" ಎನ್ನುತ್ತಲೇ ಇದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸಂಜೆಯವರೆಗೂ ಕಾದು ನೋಡಿ ಡಾಕ್ಟರಮ್ಮ, "ಏನೂ ಆಗಿಲ್ಲ, ಕರ್ಕೊಂಡು ಹೋಗಿ" ಎಂದರು. ಅವನು ಮಗಳನ್ನು ಎದೆಗವಚಿಕೊಂಡು ಹೊರಬಂದ. ಅವಳು ಅವನ ಹೆಗಲ ಮೇಲಿಂದ ಅಜ್ಜಿಯತ್ತ ಬಾಗಿದಳು.

"ಅಜ್ಜಿ, ನಾಳೆನೂ ಅಪ್ಪನ ಹಾಲೇ ಕೊಡು. ಅದು ಸಿಹಿಯಾಗಿತ್ತು."

ಗ್ಲಿಸರಿನ್ ಸಿಹಿ ಎಂಬುದು ಅವನಿಗೆ ತಿಳಿದದ್ದು ಆಗಲೇ.