ಉತ್ತ ನೆಲದ ಮಾತು

ಆ ಊರಿನಲ್ಲಿ ಯಾರ ಮನೆಗೆ ಹೋದರೂ ಹೊಸಿಲಲ್ಲೇ ‘ಬಶೇನಾ’ ಎಂದು ಬರಮಾಡಿಕೊಳ್ಳುತ್ತಾರೆ. ಶ್ಮೂನಿಯ ಮನೆಯಲ್ಲಿ ಮಾತ್ರ ಆ ಮಾತಿಲ್ಲ. ‘ಹ್ಞೂಂ, ಬನ್ನಿ’, ಅಷ್ಟೇ. ಗಂಡ ಖೋಶಾಬಾ ತಪ್ಪಿಸಿಕೊಂಡ ಮೇಕೆಯ ಬೆನ್ನಟ್ಟಿ ಹಿತ್ತಲಾಚೆಯ ಹೊಲಕ್ಕೆ ಇಳಿದವನು, ಯಾರದೋ ಯುದ್ಧಕ್ಕೆ ಯಾರೋ ಹೂತಿಟ್ಟ ಬಾಂಬಿನ ಮೇಲೆ ಕಾಲಿಟ್ಟು ಸತ್ತಿದ್ದ. ಅಂದಿನಿಂದ ಹೀಗೆ.

“ಒಂದು ಬಶೇನಾಕ್ಕೂ ಬರ ಬಂತೇನೇ ನಿನ್ನ ಮನೇಲಿ?” ಎಂದು ಪಕ್ಕದ ಮನೆಯ ಬಾತೋ ಕೆಣಕುತ್ತಿದ್ದ. ಇಗರ್ಜಿಯಲ್ಲಿ ಹಳೆಯ ಗ್ರಂಥ ಓದುವ ಮುದುಕ ಓದಿಶೋ ಒಮ್ಮೆ ಸಮಾಧಾನದಿಂದ ಹೇಳಿನೋಡಿದ್ದ.

“ಶೇನಾ ಅಂದ್ರೆ ನೆಮ್ಮದಿ ಅಂತ ಎಲ್ರಿಗೂ ಗೊತ್ತಮ್ಮಾ. ಹಳೇ ಪುಸ್ತಕದಲ್ಲಿ ಅದಕ್ಕೆ ಉತ್ತು ಬಿತ್ತಿ ಜನ ಬಾಳೋ ನೆಲ ಅಂತಲೂ ಅರ್ಥ ಇದೆ. ಕಾಡೂ ಅಲ್ಲ, ಬೀಳೂ ಅಲ್ಲ. ಅಲೆದು ಬಂದವನಿಗೆ, ಉತ್ತ ನೆಲಕ್ಕೆ ಬಂದಿದೀಯ, ಇನ್ನು ಹೆದರಬೇಡ ಅಂತ ಹೇಳೋದು.”

“ಹಂಗಾದ್ರೆ ನಾನು ಹೇಳದೇ ಇರೋದೇ ಸರಿ. ನನ್ನ ಹೊಲ ನೋಡಿದೀಯಲ್ಲ” ಎಂದು ಶ್ಮೂನಿ ಬಾಯಿ ಮುಚ್ಚಿಸಿದ್ದಳು.

ಈ ವಸಂತದಲ್ಲಿ ಬಾಂಬು ತೆಗೆಯುವವರು ಬಂದು, ಹೊಲವನ್ನು ಅಂಗುಲ ಅಂಗುಲ ಜಾಲಾಡಿ, ಇನ್ನು ಭಯವಿಲ್ಲ ಎಂದು ಹೇಳಿ ಹೋದರು. ಮಗ ಜಾಯಾ ಟ್ರ್ಯಾಕ್ಟರ್ ತೊಳೆದು ನಿಲ್ಲಿಸಿದ. ಮೊದಲ ಸಾಲು ಹೊಡೆಯುವವನು ಆಚೆ ಬದು ಮುಟ್ಟುವ ತನಕ ನೆಲಕ್ಕೆ ಕಾಲಿಡಬಾರದು; ಮನೆಯ ಹೆಂಗಸು ಆ ಬದುವಿನಲ್ಲಿ ರೊಟ್ಟಿ ಹಿಡಿದು, ಬಶೇನಾ ಎಂದು ಅವನನ್ನು ಇಳಿಸಿಕೊಳ್ಳಬೇಕು. ಇದು ಅವರ ಊರಿನ ಪದ್ಧತಿ.

ಜಾಯಾ ರಸ್ತೆಯ ಕಡೆಯಿಂದ ಹೊರಟ. ಶ್ಮೂನಿ ಹಿತ್ತಲ ಬದುವಿನಲ್ಲಿ ರೊಟ್ಟಿ ಹಿಡಿದು ನಿಂತಿದ್ದಳು. ಹಿಂದೆ ಅರ್ಧ ಊರೇ ನೆರೆದಿತ್ತು. ಹೊಲದ ನಟ್ಟನಡುವೆ ಬಂದ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

“ಡೀಸೆಲ್ ಮುಗೀತು! ನಿನ್ನೆ ತಾನೇ ತುಂಬಿಸಿದ್ದೆ!” ಎಂದು ಜಾಯಾ ಕೂಗಿದ.

ಶ್ಮೂನಿಯ ಜೀವ ಬಾಯಿಗೆ ಬಂತು. ಭಯವಿಲ್ಲ ಎಂದವರ ಮಾತು ನಂಬಲಾಗದೆ, ಟ್ರ್ಯಾಕ್ಟರ್ ಹೊರಡದಿರಲಿ ಎಂದು ಬೆಳಿಗ್ಗೆ ಅವಳೇ ಡೀಸೆಲ್ ಇಳಿಸಿ, ಕ್ಯಾನನ್ನು ರೊಟ್ಟಿ ಒಲೆಯ ಹಿಂದೆ ಅಡಗಿಸಿದ್ದಳು. ತಳದಲ್ಲಿ ಉಳಿದದ್ದು ಮಗನನ್ನು ಸರಿಯಾಗಿ ಅವಳು ಹೆದರುತ್ತಿದ್ದ ಹೊಲದ ನಡುವಿಗೇ ಒಯ್ದು ನಿಲ್ಲಿಸಿತ್ತು. ದೇವರನ್ನು ಮಾಡಲು ಹೋಗಿ ದೆವ್ವವನ್ನು ಮಾಡಿದ ಹಾಗಾಯಿತು. ಪದ್ಧತಿ ಮೀರದ ಹುಡುಗ ಸೀಟಿನಿಂದ ಇಳಿಯುವಂತಿಲ್ಲ. ಬದುವಿನ ಮೇಲಿದ್ದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಓಡಿಹೋಗಿ ಕ್ಯಾನ್ ತಂದಳು.

“ರಸ್ತೆ ಕಡೆಯಿಂದ ಬಳಸ್ಕೊಂಡು, ಉತ್ತ ಸಾಲಲ್ಲಿ ಹೋಗೇ ಮಾರಾಯ್ತಿ!” ಬಾತೋ ಚೀರಿದ.

ಬಳಸಿ ಹೋಗಬಹುದಿತ್ತು. ಆದರೆ ಉಳಿದರ್ಧ ಹೊಲವನ್ನು ಮಗ ಆಮೇಲೆ ಉಳಲೇಬೇಕಲ್ಲ? ಏನಾದರೂ ಇದ್ದರೆ ಮೊದಲು ನನಗೇ ಸಿಗಲಿ ಎಂದುಕೊಂಡು ಶ್ಮೂನಿ ನೆಟ್ಟಗೆ ಹುಲ್ಲಿಗಿಳಿದಳು. ಒಂದು ಕೈಯಲ್ಲಿ ಕ್ಯಾನ್, ಇನ್ನೊಂದು ಕಂಕುಳಲ್ಲಿ ರೊಟ್ಟಿ. ಪ್ರತಿ ಹೆಜ್ಜೆಗೂ ಗಂಡನ ಹೆಸರು ಹೇಳಿದಳು. ಎಲ್ಲೂ ನಿಲ್ಲಲಿಲ್ಲ. ಏನೂ ಆಗಲಿಲ್ಲ. ಹಸಿ ಮಣ್ಣಿನ ವಾಸನೆ ಮೂಗಿಗೆ ಬಂತು, ಮುಂದೆ ಮಗನ ಬೂಟು ಕಂಡಿತು.

ಜಾಯಾ ಬೆಳ್ಳಗಾಗಿದ್ದ. ಕ್ಯಾನ್ ನೋಡಿದ್ದೇ ಅವನ ಮುಖಕ್ಕೆ ರಕ್ತ ಬಂತು.

“ಯಿಮ್ಮಾ! ಕಳ್ಳಿ ನೀನೇನಾ?”

“ಹ್ಞೂಂ, ನಾನೇ. ಹೊಡೀತೀಯಾ? ಮೊದ್ಲು ಸುರಿ” ಎಂದಳು. ಅಳು, ನಗು ಎರಡೂ ಒಟ್ಟಿಗೇ ಬಂದವು. ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆ ಇಟ್ಟಂತೆ ಹಗುರವಾಗಿ, ಅವಳು ಚಕ್ರಕ್ಕೆ ಒರಗಿ ನಿಂತಳು.

ಹಿತ್ತಲ ಬದುವಿನಲ್ಲಿ ಯಾರೂ ಅಲುಗಿರಲಿಲ್ಲ. ದಿನಾ ಕೆಣಕುತ್ತಿದ್ದ ಬಾತೋ ಹುಲ್ಲಿನ ಅಂಚಿಗೆ ಒಂದು ಕಾಲು ಚಾಚಿ, ಹಿಂದಕ್ಕೆಳೆದುಕೊಳ್ಳುತ್ತಿದ್ದ. ಶ್ಮೂನಿ ಸೆರಗಿನಿಂದ ಮುಖ ಒರೆಸಿಕೊಂಡು, ರೊಟ್ಟಿಯನ್ನು ಮೇಲೆತ್ತಿ ಹಿಡಿದು, ಇಡೀ ಕಣಿವೆಗೆ ಕೇಳುವಂತೆ ಕೂಗಿದಳು:

“ಬಶೇನಾ, ಬಾತೋ! ಬಶೇನಾ ಕಣ್ರೋ ಎಲ್ರಿಗೂ! ಬನ್ನಿ, ರೊಟ್ಟಿ ಆರಿಹೋಗತ್ತೆ!”

ಮುದುಕ ಓದಿಶೋ ಮೊದಲು ಇಳಿದ. ಅವನ ಹಿಂದೆ, ಅವನದೇ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ, ಬಾತೋ.